ಕ್ರಿಕೆಟ್ ಗೊತ್ತಿದ್ದವರು ಬೇಸ್‌ಬಾಲ್ ಔಟ್‌ಫೀಲ್ಡ್ ಕಲಿಯುವ ಬಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಬೇಸ್‌ಬಾಲ್ ಆಡಲು ಬರುವ ಹುಡುಗ ಹುಡುಗಿಯರು ಬಹುತೇಕ ಕ್ರಿಕೆಟ್ ಆಡಿಯೇ ಬಂದಿರುತ್ತಾರೆ. ಓಣಿಯಲ್ಲಿ ಟೆನಿಸ್ ಬಾಲ್, ಆಮೇಲೆ ಶಾಲೆ ಮೈದಾನದಲ್ಲಿ ಲೆದರ್ ಬಾಲ್. ಇದು ದೊಡ್ಡ ಬಂಡವಾಳ. ಎತ್ತರದ ಕ್ಯಾಚಿಗೆ ಅವರು ಅಂಜುವುದಿಲ್ಲ, ದೂರದಿಂದ ಎಸೆಯುವುದೂ ಗೊತ್ತಿರುತ್ತದೆ. ಹಾಗಾಗಿ ಹೊಸಬರನ್ನು ಮೊದಲು ಔಟ್‌ಫೀಲ್ಡಿಗೆ ಕಳಿಸುವುದು ವಾಡಿಕೆ. "ಅಲ್ಲಿ ನಿಂದರು, ಚೆಂಡು ಬಂದರ ಹಿಡಿ" ಅಂತ ಹೇಳಿ ಬಿಟ್ಟುಬಿಡುತ್ತಾರೆ.

ಅಷ್ಟು ಹೇಳಿದರೆ ಸಾಲದು. ಔಟ್‌ಫೀಲ್ಡ್ ಕಾಲಿನ ಆಟ. ಕೈ ಕ್ರಿಕೆಟ್‌ನಿಂದ ತಯಾರಾಗಿ ಬಂದಿರುತ್ತದೆ, ಕಾಲಿಗೆ ಮಾತ್ರ ಹೊಸದಾಗಿ ಕಲಿಸಬೇಕು. ಅದರಲ್ಲೂ ಕ್ರಿಕೆಟ್ ಕಲಿಸಿದ ಕೆಲವು ರೂಢಿಗಳನ್ನು ಬಿಡಿಸಬೇಕು. ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೂರು ಜಾಗ, ಮೂರು ಕೆಲಸ

ಬ್ಯಾಟರ್ ನಿಲ್ಲುವ ಜಾಗ ಹೋಮ್ ಪ್ಲೇಟ್. ಅಲ್ಲಿಂದ ಎರಡು ಫೌಲ್ ಲೈನುಗಳು 90 ಡಿಗ್ರಿ ಕೋನದಲ್ಲಿ ಹೊರಡುತ್ತವೆ. ಬ್ಯಾಟರ್ ಹೊಡೆತ ಈ ಎರಡು ಗೆರೆಗಳ ಒಳಗೇ ಬೀಳಬೇಕು. ಕ್ರಿಕೆಟ್‌ನಂತೆ ಬೆನ್ನ ಹಿಂದೆ ರನ್ ಸಿಗುವುದಿಲ್ಲ. ಹೋಮ್ ಪ್ಲೇಟಿನಿಂದ ನೋಡಿದರೆ ಬಲಕ್ಕೆ ಮೊದಲ ಬೇಸ್, ಎದುರಿಗೆ ಎರಡನೆಯದು, ಎಡಕ್ಕೆ ಮೂರನೆಯದು. ಹೊಡೆದವರು ಇವನ್ನು ಸಾಲಾಗಿ ಮುಟ್ಟಿ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ 27.43 ಮೀಟರ್. ಬೇಸ್‌ಗಳ ಸುತ್ತಲಿನ ಜಾಗವನ್ನು ಇನ್‌ಫೀಲ್ಡಿನವರು ನೋಡಿಕೊಳ್ಳುತ್ತಾರೆ. ಅದರಾಚೆಯ ಪೂರಾ ಮೈದಾನ ಮೂರೇ ಜನರ ಪಾಲು: ಲೆಫ್ಟ್ ಫೀಲ್ಡರ್, ಸೆಂಟರ್ ಫೀಲ್ಡರ್, ರೈಟ್ ಫೀಲ್ಡರ್. ಸ್ಕೋರ್ ಬರೆಯುವವರು ಇವರನ್ನು 7, 8, 9 ಎಂಬ ಅಂಕಿಗಳಿಂದ ಗುರುತಿಸುತ್ತಾರೆ.

ಈ ಎಡ-ಬಲ ಹೋಮ್ ಪ್ಲೇಟಿನಿಂದ ನೋಡಿದ ಲೆಕ್ಕ. ಕ್ರಿಕೆಟ್‌ನಲ್ಲಿ ಎಡಗೈ ಬ್ಯಾಟರ್ ಬಂದರೆ ಆಫ್ ಮತ್ತು ಲೆಗ್ ಅದಲು ಬದಲಾಗುತ್ತವೆ. ಇಲ್ಲಿ ಯಾರೇ ಬ್ಯಾಟ್ ಹಿಡಿದರೂ ಲೆಫ್ಟ್ ಫೀಲ್ಡ್ ಅಲ್ಲೇ ಇರುತ್ತದೆ. ಮೊದಲ ವಾರ ಎಲ್ಲರೂ ಗಲಿಬಿಲಿಯಾಗುವುದು ಇಲ್ಲಿಯೇ.

ದೂರದ ಅಂದಾಜಿಗೆ ಒಂದು ಮಾತು. ಫೌಲ್ ಲೈನ್ ಗುಂಟ ಬೇಲಿ 320 ಅಡಿ, ನಡುವೆ 400 ಅಡಿ ಅಥವಾ ಅದಕ್ಕೂ ದೂರ ಇದ್ದರೆ ಒಳ್ಳೆಯದು ಎನ್ನುತ್ತದೆ ಅಮೆರಿಕದ ನಿಯಮ ಪುಸ್ತಕ. 400 ಅಡಿ ಎಂದರೆ ಸುಮಾರು 122 ಮೀಟರ್. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಬೌಂಡರಿ ಪಿಚ್‌ನ ನಡುವಿನಿಂದ ಹೆಚ್ಚೆಂದರೆ 82 ಮೀಟರ್. ನಮ್ಮ ಶಾಲೆ, ಕಾಲೇಜು ಮೈದಾನಗಳಲ್ಲಿ ಇಷ್ಟು ಜಾಗ ಸಿಗುವುದು ಅಪರೂಪ. ಎಷ್ಟೋ ಕಡೆ ಬೇಲಿಯೂ ಇರುವುದಿಲ್ಲ. ಬೇಲಿ ಇಲ್ಲದಿದ್ದರೆ ತಪ್ಪಿಸಿಕೊಂಡ ಚೆಂಡು ನಿಲ್ಲುವುದೇ ಇಲ್ಲ. ಆಗ ಹಿಂದಿನ ಜಾಗ ಕಾಯುವುದು ಇನ್ನೂ ಮುಖ್ಯ.

ಯಾರು ಎಲ್ಲಿ? ಎಲ್ಲರಿಗಿಂತ ಜೋರಾಗಿ ಓಡುವವರು, ಚೆಂಡಿನ ದಾರಿ ಬೇಗ ಗುರುತಿಸುವವರು ಸೆಂಟರ್‌ಗೆ. ಗಟ್ಟಿ ಎಸೆತ ಇರುವವರು ರೈಟ್‌ಗೆ, ಯಾಕೆಂದರೆ ಅಲ್ಲಿಂದ ಮೂರನೇ ಬೇಸ್ ಬಹಳ ದೂರ. ಲೆಫ್ಟ್‌ನಿಂದ ಮೂರನೇ ಬೇಸ್ ಹತ್ತಿರ. ಆದರೆ ಬಲಗೈ ಬ್ಯಾಟರ್‌ಗಳು ಎಳೆದು ಹೊಡೆದ ಚೆಂಡು ಆ ಕಡೆಗೇ ಬರುವುದರಿಂದ ಅದು ಆರಾಮದ ಜಾಗವೇನೂ ಅಲ್ಲ.

ಗ್ಲೌಸ್

ಬಲಗೈಯಲ್ಲಿ ಎಸೆಯುವವರು ಗ್ಲೌಸ್ ಎಡಗೈಗೆ ಹಾಕಬೇಕು. ಎಡಚರಿಗೆ ಬೇರೆ ಗ್ಲೌಸ್ ಬೇಕು, ಅದೇ ಗ್ಲೌಸ್ ತಿರುಗಿಸಿ ಹಾಕಲು ಬರುವುದಿಲ್ಲ. ಔಟ್‌ಫೀಲ್ಡಿನ ಗ್ಲೌಸ್ ಇನ್‌ಫೀಲ್ಡಿನದಕ್ಕಿಂತ ಉದ್ದ, ದೊಡ್ಡವರಿಗೆ 12ರಿಂದ 13 ಇಂಚು. ಚಿಕ್ಕ ಮಕ್ಕಳಿಗೆ ಅಷ್ಟು ದೊಡ್ಡದು ಬೇಡ, ಕೈಯಲ್ಲಿ ಮುಚ್ಚಲು ಬರುವಂಥದ್ದು ಸಾಕು.

ಹೊಸ ಗ್ಲೌಸ್ ಬಿರುಸಾಗಿರುತ್ತದೆ. ಅದನ್ನು ಮೆತ್ತಗೆ ಮಾಡುವ ಒಳ್ಳೆಯ ದಾರಿ ಅಂದರೆ ಅದರಲ್ಲಿ ಚೆಂಡು ಹಿಡಿಯುತ್ತಲೇ ಇರುವುದು. ರಾತ್ರಿ ಗ್ಲೌಸಿನ ಹೆಬ್ಬೆರಳು, ತೋರುಬೆರಳ ನಡುವೆ ಇರುವ ಬಲೆಯ ಹತ್ತಿರ ಒಂದು ಚೆಂಡಿಟ್ಟು, ಗ್ಲೌಸ್ ಮುಚ್ಚಿ, ದಾರ ಕಟ್ಟಿ ಇಡಿ. ಅಡುಗೆ ಎಣ್ಣೆ ಹಚ್ಚಬೇಡಿ, ಚರ್ಮ ಭಾರವಾಗಿ ವಾಸನೆ ಬರುತ್ತದೆ. ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಒಣಗಿಸಲೂ ಬೇಡಿ, ಚರ್ಮ ಸೀಳುತ್ತದೆ. ಸ್ವಂತ ಗ್ಲೌಸ್ ಇಲ್ಲದಿದ್ದರೂ ಕಲಿಕೆ ನಿಲ್ಲಬೇಕಾಗಿಲ್ಲ. ಕಾಲಿನ ಅಭ್ಯಾಸಗಳನ್ನೆಲ್ಲ ಟೆನಿಸ್ ಬಾಲ್ ಹಿಡಿದು ಬರಿಗೈಯಲ್ಲೇ ಮಾಡಬಹುದು.

ಚೆಂಡು ಎಸೆಯುವ ಮೊದಲು

ಕೈಗಳನ್ನು ಮೊಣಕಾಲ ಮೇಲೆ ಊರಿ ಬಗ್ಗಿ ನಿಲ್ಲುವುದು ಚೆಂಡು ಚೆಂಡಿನ ನಡುವೆ ಸರಿ. ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಕೈ ಎತ್ತಿದ ಕೂಡಲೇ ಎದ್ದು ನಿಲ್ಲಿ. ಪಾದಗಳು ಭುಜದಷ್ಟು ಅಗಲ, ಮೊಣಕಾಲು ತುಸು ಮಡಚಿ, ಮೈಭಾರ ಪಾದದ ಮುಂಭಾಗದಲ್ಲಿ. ಚೆಂಡು ಪ್ಲೇಟ್ ತಲುಪುವ ಹೊತ್ತಿಗೆ ಎರಡು ಸಣ್ಣ ಹೆಜ್ಜೆ ಇಡಿ. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬರುವಾಗ ಫೀಲ್ಡರ್‌ಗಳು ನಡೆದು ಒಳಗೆ ಬರುತ್ತಾರಲ್ಲ, ಅದರ ಚಿಕ್ಕ ರೂಪ ಇದು. ಆದರೆ ಅಷ್ಟು ದೂರ ನಡೆಯಬಾರದು. ಮುಂದೆ ವಾಲಿದ ಮೈಯನ್ನು ಹಿಂದೆ ತಿರುಗಿಸಲು ಹೊತ್ತು ಹಿಡಿಯುತ್ತದೆ.

ಇದೇ ಹೊತ್ತಿನಲ್ಲಿ ತಲೆಯೊಳಗೆ ಉತ್ತರ ಸಿದ್ಧ ಇರಬೇಕು. ಎಷ್ಟು ಔಟ್ ಆಗಿದೆ? ಯಾವ ಬೇಸ್ ಮೇಲೆ ಯಾರಿದ್ದಾರೆ? ಚೆಂಡು ನೆಲದ ಮೇಲೆ ಬಂದರೆ ಎಲ್ಲಿಗೆ ಎಸೆಯಲಿ? ಗಾಳಿಯಲ್ಲಿ ಹಿಡಿದರೆ ಎಲ್ಲಿಗೆ? ಪ್ರತಿ ಚೆಂಡಿಗೂ ಇದನ್ನು ಕೇಳಿಕೊಳ್ಳಬೇಕು. ಚೆಂಡು ಕೈಗೆ ಬಂದ ಮೇಲೆ ಯೋಚನೆ ಮಾಡುತ್ತ ನಿಂತರೆ ಓಡುವವರು ಅಷ್ಟರಲ್ಲಿ ಇನ್ನೊಂದು ಬೇಸ್ ಮುಟ್ಟಿರುತ್ತಾರೆ.

ಮೊದಲ ಹೆಜ್ಜೆ ಹಿಂದಕ್ಕೆ

ಇಡೀ ವಿಷಯದ ಜೀವ ಇಲ್ಲಿದೆ.

ಕ್ರಿಕೆಟ್‌ನಲ್ಲಿ ಬೌಂಡರಿ ಕಾಯುವವರ ಬೆನ್ನ ಹಿಂದೆ ಹಗ್ಗ ಇರುತ್ತದೆ. ಹಗ್ಗ ದಾಟಿದರೆ ಸಿಕ್ಸರ್, ಕಥೆ ಮುಗಿಯಿತು. ಆದ್ದರಿಂದ ಅವರ ಕೆಲಸವೆಲ್ಲ ಮುಂದೆ ಮತ್ತು ಅಕ್ಕಪಕ್ಕ. ವರ್ಷಗಟ್ಟಲೆ ಹೀಗೆ ಆಡಿದ ಕಾಲು ಚೆಂಡು ಮೇಲೇರಿದ ಕೂಡಲೇ ತಾನಾಗಿ ಮುಂದಕ್ಕೆ ಓಡುತ್ತದೆ. ಬೇಸ್‌ಬಾಲ್ ಔಟ್‌ಫೀಲ್ಡರ್ ಬೇಲಿಗೆ ಅಂಟಿ ನಿಲ್ಲುವುದಿಲ್ಲ. ಅವರ ಹಿಂದೆ ಎಷ್ಟೋ ಮೀಟರ್ ಖಾಲಿ ಜಾಗ ಇರುತ್ತದೆ. ಮುಂದೆ ಬಿದ್ದ ಚೆಂಡಿಗೆ ಸಾಮಾನ್ಯವಾಗಿ ಒಂದು ಬೇಸ್ ಹೋಗುತ್ತದೆ. ತಲೆ ಮೇಲೆ ದಾಟಿದ ಚೆಂಡಿಗೆ ಎರಡೋ ಮೂರೋ ಬೇಸ್ ಹೋಗುತ್ತವೆ. ಅಂದಮೇಲೆ ಅನುಮಾನ ಬಂದಾಗ ಕಾಲು ಹಿಂದಕ್ಕೇ ಹೋಗಬೇಕು, ಅಲ್ವಾ?

ಈ ಹಿಂದಿನ ಹೆಜ್ಜೆಗೆ ಡ್ರಾಪ್ ಸ್ಟೆಪ್ ಎನ್ನುತ್ತಾರೆ. ಚೆಂಡು ನಿಮ್ಮ ಬಲಭುಜದ ಮೇಲೆ ಬರುತ್ತಿದೆ ಎಂದುಕೊಳ್ಳಿ. ಬಲಗಾಲನ್ನು ಓರೆಯಾಗಿ ಹಿಂದಕ್ಕೆ ಇಡಿ. ಸೊಂಟ ಆ ಕಡೆ ತೆರೆದುಕೊಳ್ಳಲಿ. ಆಮೇಲೆ ಎಡಗಾಲು ಬಲಗಾಲನ್ನು ದಾಟಿ ಮುಂದೆ ಬರಲಿ, ಅಲ್ಲಿಂದ ಪೂರಾ ಓಟ. ಎಡಭುಜದ ಕಡೆಗಾದರೆ ಇದೇ ತಿರುವುಮುರುವು. ಮುಖ ಬ್ಯಾಟರ್ ಕಡೆ ಇಟ್ಟುಕೊಂಡು ಹಿಮ್ಮುಖವಾಗಿ ಓಡುವುದನ್ನು ಮೊದಲ ದಿನದಿಂದಲೇ ಬಿಡಿಸಿ. ಅದು ನಿಧಾನ, ಕಾಲು ತೊಡರಿ ಮಗು ಅಂಗಾತ ಬಿದ್ದು ತಲೆಗೆ ಪೆಟ್ಟಾಗುವುದೂ ಉಂಟು.

ಕಲಿಸುವ ಕ್ರಮ ಹೀಗೆ. ಮೊದಲು ಚೆಂಡೇ ಬೇಡ. ತರಬೇತುದಾರರು ಕೈಯಿಂದ ಬಲ, ಎಡ ಎಂದು ತೋರಿಸಬೇಕು, ಮಗು ಆ ಕಡೆ ಡ್ರಾಪ್ ಸ್ಟೆಪ್ ಹಾಕಿ ಐದಾರು ಹೆಜ್ಜೆ ಓಡಬೇಕು. ಇದು ಸಲೀಸಾದ ಮೇಲೆ ಹತ್ತಿರದಿಂದಲೇ ಚೆಂಡನ್ನು ಭುಜದ ಮೇಲಿಂದ ತೂರಿ. ಓಡುತ್ತಲೇ ಹಿಂತಿರುಗಿ ನೋಡಿ ಹಿಡಿಯಲಿ. ಮೂರನೆಯದು ಕಠಿಣ: ಬಲಕ್ಕೆ ತಿರುಗಿ ಓಡಲು ಶುರು ಮಾಡಿದ ಮೇಲೆ ಚೆಂಡನ್ನು ಎಡಭುಜದ ಕಡೆ ಎಸೆಯಿರಿ. ಆಗ ತಲೆಯನ್ನು ಸರಕ್ಕನೆ ಇನ್ನೊಂದು ಭುಜದ ಕಡೆ ತಿರುಗಿಸಬೇಕು. ಅರೆಕ್ಷಣ ಚೆಂಡು ಕಣ್ಣಿಗೆ ತಪ್ಪುತ್ತದೆ, ಮತ್ತೆ ಸಿಗುತ್ತದೆ. ಅದು ಮತ್ತೆ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಬರುವವರೆಗೆ ಇದನ್ನು ಬಿಡಬಾರದು.

ಓಡುವಾಗ ಗ್ಲೌಸ್ ಚಾಚಿಕೊಂಡು ಓಡಬೇಡಿ, ವೇಗ ತಗ್ಗುತ್ತದೆ. ಎರಡೂ ಕೈ ಬೀಸಿ ಓಡಿ, ಕೊನೆಗೆ ಕೈ ಚಾಚಿ. ಹಿಮ್ಮಡಿ ಕುಕ್ಕುತ್ತ ಓಡಿದರೆ ಕಣ್ಣಿನ ಮುಂದೆ ಚೆಂಡು ಕುಣಿಯುತ್ತದೆ. ಪಾದದ ಮುಂಭಾಗದ ಮೇಲೆ, ತಲೆ ಮೇಲೆ ತುಂಬಿದ ಕೊಡ ಹೊತ್ತವರು ಹೆಜ್ಜೆ ಇಡುವ ಹಾಗೆ, ತಲೆ ಅಲುಗದಂತೆ ಓಡುವುದನ್ನು ರೂಢಿ ಮಾಡಿ.

1954ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಫೈನಲ್ ಸರಣಿಯ, ಮೊದಲ ಪಂದ್ಯ. ವಿಕ್ ವರ್ಟ್ಸ್ ಹೊಡೆದ ಚೆಂಡು ಸೆಂಟರ್ ಫೀಲ್ಡಿನ ಕೊನೆಗೆ ಹಾರಿತು. ಸೆಂಟರ್ ಫೀಲ್ಡರ್ ವಿಲ್ಲಿ ಮೇಸ್ ಹೋಮ್ ಪ್ಲೇಟಿಗೆ ಪೂರ್ತಿ ಬೆನ್ನು ಹಾಕಿ ಓಡಿ, ಭುಜದ ಮೇಲಿಂದ ಬಂದ ಚೆಂಡನ್ನು ಹಿಡಿದರು. ಆ ಕ್ಯಾಚನ್ನು ಇಂದಿಗೂ ಹೊಗಳುತ್ತಾರೆ. ಅದರ ಮುಂದಿನ ಕ್ಷಣ ನನಗೆ ಇನ್ನೂ ದೊಡ್ಡದು. ಹಿಡಿದ ಕೂಡಲೇ ಅವರು ಗಿರಕಿ ಹೊಡೆದು ಇನ್‌ಫೀಲ್ಡಿಗೆ ಎಸೆದರು. ಎರಡನೇ ಬೇಸ್ ಮೇಲಿದ್ದ ಲ್ಯಾರಿ ಡೋಬಿ ಮೂರನೆಯದಕ್ಕಿಂತ ಮುಂದೆ ಹೋಗಲಾಗಲಿಲ್ಲ. ಆ ಎಸೆತದ ಮಾತು ಮುಂದೆ ಬರುತ್ತದೆ.

ಚೆಂಡಿನ ದಾರಿ ಗುರುತಿಸುವುದು

ಮೇಲೇರಿದ ಚೆಂಡು ಎಲ್ಲಿ ಬೀಳುತ್ತದೆ ಎಂದು ನಾವು ಲೆಕ್ಕ ಹಾಕುವುದಿಲ್ಲ. ಸೆವಿಲ್ ಚಾಪ್‌ಮನ್ ಎಂಬ ಭೌತವಿಜ್ಞಾನಿ 1968ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಚೆಂಡು ನೇರ ನಿಮ್ಮ ಕಡೆ ಬರುತ್ತಿರುವಾಗ ಅದು ಕಣ್ಣಿಗೆ ಒಂದೇ ಸಮನಾಗಿ ಮೇಲೇರುತ್ತಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಏರುವ ವೇಗ ಹೆಚ್ಚುತ್ತ ಹೋದರೆ ಅದು ತಲೆ ಮೇಲೆ ದಾಟುತ್ತದೆ, ಹಿಂದೆ ಓಡಿ. ಏರುವುದು ನಿಧಾನವಾದರೆ ಮುಂದೆ ಬೀಳುತ್ತದೆ, ಒಳಗೆ ಬನ್ನಿ. ಕ್ರಿಕೆಟ್ ಆಡಿದವರ ಕಣ್ಣು ಇದನ್ನು ಹೆಸರಿಲ್ಲದೆಯೇ ಮಾಡುತ್ತಿರುತ್ತದೆ. ಅದನ್ನು ತೀಡಲು ಒಂದು ಅಭ್ಯಾಸ ಇದೆ. ತರಬೇತುದಾರರು ಕ್ರಿಕೆಟ್ ಬ್ಯಾಟಿನಿಂದ ಟೆನಿಸ್ ಬಾಲನ್ನು ಎತ್ತರಕ್ಕೆ ಹೊಡೆಯಲಿ. ಚೆಂಡು ತುದಿ ಮುಟ್ಟುವ ಮೊದಲೇ ಮಗು "ಹಿಂದ" ಅಥವಾ "ಮುಂದ" ಎಂದು ಕೂಗಿ ಆ ಕಡೆ ಓಡಲಿ. ಹಿಡಿಯಲೇಬೇಕು ಅಂತಿಲ್ಲ. ಕೂಗಿದ್ದು ಸರಿಯೇ ಎಂದಷ್ಟೇ ನೋಡಿ.

ನೇರವಾಗಿ ಮುಖಕ್ಕೆ ಬರುವ ಚೆಂಡೇ ಎಲ್ಲಕ್ಕಿಂತ ಕಷ್ಟ. ಅದರ ದಾರಿ ಪಕ್ಕದಿಂದ ಕಾಣುವುದಿಲ್ಲ. ಸೆಂಟರ್‌ನಲ್ಲಿ ಇದು ಜಾಸ್ತಿ. ಫೌಲ್ ಲೈನ್ ಹತ್ತಿರದ ಹೊಡೆತಗಳಿಗೆ ಬೇರೆ ಗುಣ ಇದೆ: ತಿರುಗುತ್ತ ಬರುವ ಆ ಚೆಂಡು ಗಾಳಿಯಲ್ಲಿ ಗೆರೆಯ ಕಡೆಗೇ ಬಾಗುತ್ತದೆ. ಬಲಗೈ ಬ್ಯಾಟರ್ ತಡವಾಗಿ ಬೀಸಿ ರೈಟ್‌ಗೆ ಹೊಡೆದರೆ ಚೆಂಡು ರೈಟ್ ಫೀಲ್ಡರ್‌ನಿಂದ ದೂರ, ಗೆರೆ ಕಡೆ ಜಾರುತ್ತದೆ. ಹಾಗಾಗಿ ಒಂದೆರಡು ಹೆಜ್ಜೆ ಗೆರೆ ಕಡೆಗೇ ಹೆಚ್ಚು ಲೆಕ್ಕ ಹಾಕಿ ಓಡಿ.

ಬ್ಯಾಟಿನ ಸದ್ದೂ ಸುಳಿವು ಕೊಡುತ್ತದೆ. ಆದರೆ 100 ಮೀಟರ್ ದೂರದಲ್ಲಿ ಸದ್ದು ನಿಮಗೆ ತಲುಪಲು ಸುಮಾರು 0.3 ಸೆಕೆಂಡ್ ಬೇಕು. ಮೊದಲು ಕಣ್ಣು, ಆಮೇಲೆ ಕಿವಿ.

ಇನ್ನು ಗಾಳಿ. ಗದಗ ಸೀಮೆಯಲ್ಲಿ, ಕಪ್ಪತ್ತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ನೆ ಅಲ್ಲ. ಆಷಾಢದ ಗಾಳಿಗೆ ಎತ್ತರದ ಚೆಂಡು ಹತ್ತಾರು ಹೆಜ್ಜೆ ಆಚೀಚೆ ಆಗಬಹುದು. ಆಟ ಶುರುವಾಗುವ ಮೊದಲು, ಮತ್ತೆ ಪ್ರತಿ ಇನಿಂಗ್ಸ್‌ಗೂ, ನಾಲ್ಕು ಎಸಳು ಹುಲ್ಲು ಕಿತ್ತು ತೂರಿ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ಬ್ಯಾಟರ್ ಮೂಡಣಕ್ಕೆ ಮುಖ ಮಾಡಿ ನಿಂತಿದ್ದರೆ ಆ ಗಾಳಿ ಚೆಂಡನ್ನು ಹೊತ್ತುಕೊಂಡು ನಿಮ್ಮ ತಲೆ ಮೇಲೆ ತರುತ್ತದೆ. ಆಗ ಇನ್ನಷ್ಟು ಹಿಂದೆ ನಿಲ್ಲಿ.

ಹೋಮ್ ಪ್ಲೇಟಿನಿಂದ ಎರಡನೇ ಬೇಸ್ ಕಡೆಗಿನ ಗೆರೆ ಪೂರ್ವ-ಈಶಾನ್ಯ ದಿಕ್ಕಿಗೆ ಇದ್ದರೆ ಒಳ್ಳೆಯದು ಎಂದು ನಿಯಮ ಪುಸ್ತಕ ಹೇಳುತ್ತದೆ. ಬ್ಯಾಟರ್ ಕಣ್ಣಿಗೆ ಸಂಜೆ ಬಿಸಿಲು ಹೊಡೆಯಬಾರದೆಂದು ಈ ಏರ್ಪಾಡು. ಹಾಗೆ ಹಾಕಿದ ಮೈದಾನದಲ್ಲಿ ಆ ಬಿಸಿಲು ಔಟ್‌ಫೀಲ್ಡರ್ ಪಾಲಿಗೆ ಬರುತ್ತದೆ, ರೈಟ್ ಫೀಲ್ಡರ್‌ಗೆ ಎಲ್ಲರಿಗಿಂತ ಹೆಚ್ಚು. ಗ್ಲೌಸನ್ನು ಸೂರ್ಯನಿಗೆ ಅಡ್ಡ ಹಿಡಿದು ಅದರ ಅಂಚಿನಿಂದ ಚೆಂಡು ನೋಡಿ. ಚೆಂಡು ನೇರ ಬಿಸಿಲೊಳಗೆ ಹೊಕ್ಕರೆ ಒಂದು ಪಕ್ಕಕ್ಕೆ ಸರಿದು ಓರೆಯಿಂದ ನೋಡಿ.

ಹಿಡಿಯುವುದು

ಇಲ್ಲಿ ಹೆಚ್ಚು ಹೇಳುವುದು ಬೇಕಿಲ್ಲ. ಸೊಂಟಕ್ಕಿಂತ ಮೇಲಿನ ಚೆಂಡಿಗೆ ಬೆರಳು ಮೇಲೆ, ಕೆಳಗಿನದಕ್ಕೆ ಬೆರಳು ಕೆಳಗೆ. ಚೆಂಡು ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಬಲೆಗೆ ಬೀಳಲಿ, ಅಂಗೈಗೆ ಬಡಿದರೆ ಪುಟಿಯುತ್ತದೆ. ಇನ್ನೊಂದು ಕೈ ಗ್ಲೌಸಿನ ಪಕ್ಕದಲ್ಲೇ ಇರಲಿ, ಎಸೆಯಲು ಚೆಂಡು ತೆಗೆಯುವುದು ಬೇಗ ಆಗುತ್ತದೆ. ಸಮಯ ಇದ್ದರೆ ಚೆಂಡಿನ ಕೆಳಗೆ ಹೋಗಿ ಕಾಯಬೇಡಿ. ಎರಡು ಹೆಜ್ಜೆ ಹಿಂದೆ ನಿಂತು, ಮುಂದೆ ಬರುತ್ತ, ಎಸೆಯುವ ಕೈಯ ಭುಜದ ಎದುರು ಹಿಡಿಯಿರಿ. ಮೈ ಆಗಲೇ ಎಸೆತದ ದಿಕ್ಕಿಗೆ ಸಾಗುತ್ತಿರುತ್ತದೆ.

ನೆಲದ ಮೇಲೆ ಬರುವ ಚೆಂಡು

ಬೇಸ್‌ಗಳ ಮೇಲೆ ಯಾರೂ ಇಲ್ಲದಾಗ ಕ್ರಿಕೆಟ್‌ನ ಲಾಂಗ್ ಬ್ಯಾರಿಯರ್ ಹಾಗೇ ನಡೆಯುತ್ತದೆ: ಒಂದು ಮೊಣಕಾಲು ನೆಲಕ್ಕೆ, ಮೈ ಚೆಂಡಿನ ಹಿಂದೆ. ನಮ್ಮ ಮೈದಾನಗಳಲ್ಲಿ ಇದನ್ನು ಕಡೆಗಣಿಸಬೇಡಿ. ಎರೆ ಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಚೆಂಡು ಬಿರುಕಿನ ಅಂಚಿಗೆ ತಾಗಿ ದಿಕ್ಕು ತಪ್ಪುತ್ತದೆ. ಗರಸಿನ ನೆಲದ ಮೇಲೆ ಅಂದುಕೊಂಡದ್ದಕ್ಕಿಂತ ಜೋರಾಗಿ ಬರುತ್ತದೆ. ಮಳೆ ಬಿದ್ದ ಎರೆಯಲ್ಲಿ ಅಲ್ಲೇ ಹೂತು ನಿಲ್ಲುತ್ತದೆ. ಆಟಕ್ಕೆ ಮೊದಲು ನಿಮ್ಮ ಪಾಲಿನ ಜಾಗವನ್ನು ಒಮ್ಮೆ ನಡೆದು ನೋಡಿ. ಕಲ್ಲಿದ್ದರೆ ಎತ್ತಿ ಹಾಕಿ.

ಓಡುವವರನ್ನು ತಡೆಯಬೇಕಾದಾಗ ಮಂಡಿ ಊರಲು ಹೊತ್ತಿಲ್ಲ. ಚೆಂಡಿನ ಕಡೆ ಜೋರಾಗಿ ಬಂದು, ಕೊನೆಯ ಮೂರ್ನಾಲ್ಕು ಹೆಜ್ಜೆ ಚಿಕ್ಕದಾಗಿಸಿ, ಗ್ಲೌಸ್ ಕಡೆಯ ಪಾದದ ಪಕ್ಕದಲ್ಲಿ ಚೆಂಡೆತ್ತಿ ಎಸೆತಕ್ಕೆ ಏಳಬೇಕು. ಎರಡು ಫೀಲ್ಡರ್‌ಗಳ ನಡುವೆ ಹೋಗುವ ಚೆಂಡಿಗೆ ನೇರ ಅದರತ್ತ ಓಡಬೇಡಿ. ಅದು ಮುಂದೆ ಎಲ್ಲಿರುತ್ತದೋ ಅಲ್ಲಿಗೆ, ಹಿಂದಕ್ಕೆ ಓರೆಯಾಗಿ ಓಡಿ ಅಡ್ಡಗಟ್ಟಿ.

ಎಸೆತ

ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿದರೆ ಚೆಂಡು ಡೆಡ್. ಕುಣಿದಾಡಬಹುದು. ಬೇಸ್‌ಬಾಲ್‌ನಲ್ಲಿ ಮೂರು ಔಟ್‌ಗೆ ಬ್ಯಾಟಿಂಗ್ ಸರದಿ ಮುಗಿಯುತ್ತದೆ. ಮೂರನೇ ಔಟ್ ಆಗಿಲ್ಲದಿದ್ದರೆ ಆಟ ಮುಂದುವರಿಯುತ್ತದೆ. ನೀವು ಚೆಂಡು ಮುಟ್ಟಿದ ಕ್ಷಣದಿಂದ, ತನ್ನ ಬೇಸ್ ಮೇಲೆ ಕಾಲಿಟ್ಟಿರುವ ಓಟಗಾರ ಮುಂದಿನದಕ್ಕೆ ಓಡಬಹುದು. ಇದು ಟ್ಯಾಗ್ ಅಪ್. ಹಿಡಿದ ಖುಷಿಯಲ್ಲಿ ಚೆಂಡನ್ನು ಮೇಲೆ ತೂರಿದರೆ ಎದುರಾಳಿಗೆ ರನ್ ಸಿಗುತ್ತದೆ. ಹಿಡಿ, ಎಸೆ: ಎರಡೂ ಸೇರಿ ಒಂದೇ ಕೆಲಸ ಎಂದು ಮಕ್ಕಳಿಗೆ ಮೊದಲಿಂದಲೇ ಕಲಿಸಬೇಕು. ಅಭ್ಯಾಸದಲ್ಲಿಯೂ ಪ್ರತಿ ಕ್ಯಾಚಿನ ಹಿಂದೆ ಒಂದು ಎಸೆತ ಇರಲಿ.

ಚೆಂಡನ್ನು ಹೊಲಿಗೆಗೆ ಅಡ್ಡಲಾಗಿ ಎರಡು ಬೆರಳಲ್ಲಿ ಹಿಡಿಯಿರಿ, ನೇರ ಹೋಗುತ್ತದೆ. ಹಿಡಿದ ಮೇಲೆ ಒಂದು ಪುಟ್ಟ ನೆಗೆತ: ಎಸೆಯುವ ಕೈ ಕಡೆಯ ಕಾಲು ಮುಂದೆ ಬಂದು ಅಡ್ಡ ಊರುತ್ತದೆ, ಎದುರು ಭುಜ ಗುರಿ ಕಡೆ ತಿರುಗುತ್ತದೆ, ಇನ್ನೊಂದು ಕಾಲು ಗುರಿಯತ್ತ ಬೀಳುತ್ತದೆ, ಎಸೆತ. ಇದಕ್ಕೆ ಕ್ರೋ ಹಾಪ್ ಎನ್ನುತ್ತಾರೆ. ನೆಗೆತ ಮುಂದಕ್ಕೆ ಇರಲಿ, ಮೇಲಕ್ಕಲ್ಲ.

ಎಲ್ಲಿಗೆ ಎಸೆಯುವುದು? ಓಡುವವರಿಗಿಂತ ಒಂದು ಬೇಸ್ ಮುಂದೆ. ಬೇಸ್‌ಗಳು ಖಾಲಿ ಇದ್ದು ನೆಲದ ಚೆಂಡು ಬಂದರೆ ಎರಡನೇ ಬೇಸ್‌ಗೆ. ದೂರದ ಎಸೆತಕ್ಕೆ ನಡುವೆ ಕಟ್‌ಆಫ್ ಆಟಗಾರ ಕೈ ಎತ್ತಿ ನಿಂತಿರುತ್ತಾನೆ. ಅವನ ತಲೆಯ ಎತ್ತರಕ್ಕೆ, ಚಪ್ಪಟೆಯಾಗಿ ಎಸೆಯಿರಿ. ಅವನು ಹಿಡಿದು ತಿರುಗಿಸಬಹುದು, ಬಿಟ್ಟರೆ ಒಂದು ಪುಟಿತಕ್ಕೆ ಬೇಸ್ ತಲುಪುತ್ತದೆ. ಕ್ರಿಕೆಟ್ ರೂಢಿಯವರು ಕೀಪರ್‌ಗೇ ಎಸೆಯುತ್ತೇನೆಂದು ಎತ್ತರಕ್ಕೆ ತೂರುತ್ತಾರೆ. ಆ ಚೆಂಡು ಮೇಲೆ ತೇಲುತ್ತಿರುವಾಗ ಬ್ಯಾಟರ್ ಸಹ ಇನ್ನೊಂದು ಬೇಸ್ ಕದಿಯುತ್ತಾನೆ.

ಜಪಾನಿನ ಇಚಿರೊ ಸುಜುಕಿ 2001ರ ಏಪ್ರಿಲ್ 11ರಂದು ಓಕ್ಲೆಂಡ್‌ನಲ್ಲಿ ರೈಟ್ ಫೀಲ್ಡಿನಿಂದ ನೇರ ಮೂರನೇ ಬೇಸ್‌ಗೆ ಎಸೆದು ಟೆರೆನ್ಸ್ ಲಾಂಗ್ ಅವರನ್ನು ಔಟ್ ಮಾಡಿದರು. ಅದರ ವಿಡಿಯೊ ಸಿಕ್ಕರೆ ಕೈಯ ಬದಲು ಕಾಲು ನೋಡಿ. ಚೆಂಡು ಎತ್ತುವ ಮೊದಲೇ ಅವರು ಗುರಿ ಕಡೆ ಸಾಗಿರುತ್ತಾರೆ.

ಬೆಳೆಯುವ ಮಕ್ಕಳ ಭುಜ, ಮೊಣಕೈ ಕಾಪಾಡಿ. ಹತ್ತಿರದಿಂದ ಶುರು ಮಾಡಿ ಮೆಲ್ಲಗೆ ದೂರ ಹೆಚ್ಚಿಸಿ. ನೋವು ಅಂದ ದಿನ ಎಸೆತ ಬಂದ್.

ಕೂಗು, ಮತ್ತು ಚೆಂಡು ನಿಮ್ಮ ಕಡೆ ಬಾರದಿದ್ದಾಗ

ಇಬ್ಬರು ಮೇಲೆ ನೋಡುತ್ತ ಒಂದೇ ಚೆಂಡಿಗೆ ಓಡಿ ಬಂದರೆ ಹಲ್ಲು ಮುರಿಯುತ್ತವೆ. ಹಿಡಿಯುವವರು "ನಂದು! ನಂದು!" ಎಂದು ಗಟ್ಟಿಯಾಗಿ ಕೂಗಬೇಕು. ಇನ್ನೊಬ್ಬರು "ನಿಂದ, ತಗೋ" ಎಂದು ಉತ್ತರ ಕೊಟ್ಟು ಅವರ ಹಿಂದೆ ಸರಿಯಬೇಕು. ಇಬ್ಬರೂ ಕೂಗಿದರೆ ಸೆಂಟರ್ ಫೀಲ್ಡರ್ ಮಾತೇ ನಡೆಯಬೇಕು. ಔಟ್‌ಫೀಲ್ಡರ್ ಮತ್ತು ಇನ್‌ಫೀಲ್ಡರ್ ನಡುವೆ ಔಟ್‌ಫೀಲ್ಡರ್‌ಗೆ ಹಕ್ಕು, ಯಾಕೆಂದರೆ ಅವರು ಚೆಂಡಿಗೆ ಎದುರಾಗಿ ಬರುತ್ತಿರುತ್ತಾರೆ. ಸಂಕೋಚದ ಮಕ್ಕಳಿಗೆ ಕೂಗುವುದನ್ನೇ ಬೇರೆಯಾಗಿ ಅಭ್ಯಾಸ ಮಾಡಿಸಿ.

ಚೆಂಡು ಬಾರದಿದ್ದರೂ ಕಾಲು ನಿಲ್ಲಬಾರದು. ಇನ್‌ಫೀಲ್ಡಿನಿಂದ ಮೊದಲ ಬೇಸ್‌ಗೆ ಎಸೆತ ಹೋದರೆ ರೈಟ್ ಫೀಲ್ಡರ್ ಅದರ ಹಿಂದೆ ಬರಬೇಕು. ಎರಡನೇ ಬೇಸ್ ಹಿಂದೆ ಸೆಂಟರ್, ಮೂರನೆಯದರ ಹಿಂದೆ ಲೆಫ್ಟ್. ಪಕ್ಕದ ಔಟ್‌ಫೀಲ್ಡರ್ ಚೆಂಡಿಗೆ ಓಡಿದಾಗ ಅವರ ಬೆನ್ನಿಗೂ ಯಾರಾದರೂ ಇರಬೇಕು. ಹತ್ತು ಸಲ ಓಡಿದರೆ ಒಂಬತ್ತು ಸಲ ಏನೂ ಸಿಗದೇ ಇರಬಹುದು. ಹತ್ತನೆಯ ಸಲ ಎಸೆತ ತಪ್ಪಿ ಹಿಂದೆ ಬರುತ್ತದೆ, ಆಗ ನೀವು ಅಲ್ಲಿರಬೇಕು. ಆಟಗಾರರನ್ನು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಬೇಲಿ ಅಥವಾ ಕಂಪೌಂಡ್ ಗೋಡೆ ಇರುವ ಕಡೆ ಆಟಕ್ಕೆ ಮೊದಲೇ ಅದರಿಂದ ಎಷ್ಟು ಹೆಜ್ಜೆ ಎಂದು ಎಣಿಸಿಕೊಳ್ಳಿ. ಹಿಂದೆ ಓಡುವಾಗ ಒಂದು ಕೈ ಚಾಚಿ ಗೋಡೆ ಹುಡುಕಿ, ಸಿಕ್ಕ ಮೇಲೆ ಚೆಂಡಿಗೆ ತಿರುಗಿ. ಮೂರನೇ ಬೇಸ್ ಮೇಲೆ ಓಟಗಾರ ಇದ್ದು, ಸ್ಕೋರ್ ಸಮ ಇದ್ದು, ಕೊನೆಯ ಇನಿಂಗ್ಸ್‌ನಲ್ಲಿ ಎರಡಕ್ಕಿಂತ ಕಡಿಮೆ ಔಟ್ ಆಗಿದ್ದಾಗ, ಗೆರೆಯಾಚೆ ದೂರ ಫೌಲ್ ಹಾರಿದರೆ ಬಿಟ್ಟುಬಿಡುವುದೇ ಜಾಣತನ. ಹಿಡಿದರೆ ಓಟಗಾರ ಟ್ಯಾಗ್ ಅಪ್ ಮಾಡಿ ಗೆಲುವಿನ ರನ್ ತೆಗೆಯಬಹುದು.

ವಾರದ ಅಭ್ಯಾಸ

ಮೊದಲ ತಿಂಗಳು ಪ್ರತಿ ಸಲವೂ ಅರ್ಧ ಹೊತ್ತು ಡ್ರಾಪ್ ಸ್ಟೆಪ್ ಮತ್ತು ಹಿಂದಿನ ಓಟಕ್ಕೆ ಕೊಡಿ. ಉಳಿದದ್ದರಲ್ಲಿ ಕಟ್‌ಆಫ್‌ಗೆ ಎಸೆತ, ನೆಲದ ಚೆಂಡು. ಎರಡನೇ ತಿಂಗಳಿಂದ ಬೇಸ್ ಮೇಲೆ ಓಟಗಾರರನ್ನು ನಿಲ್ಲಿಸಿ, ಚೆಂಡು ಹೊಡೆಯುವ ಮೊದಲು ಒಬ್ಬೊಬ್ಬರನ್ನೂ ಕೇಳಿ: "ಎಲ್ಲಿಗೆ ಒಗೀತಿ?" ಉತ್ತರ ತಟ್ಟನೆ ಬರಬೇಕು. ಬಂದ ಮೇಲೆ ಚೆಂಡು ಹೊಡೆಯಿರಿ.